ಸೂಜಿಗಲ್ಲಿಗೆ ಅಂಟಿದ ಸ್ಟೀಲು

ಯಾರಾದರೂ ನನ್ನೆದುರು ಜೇಬಿನಿಂದ ಸೂಜಿಗಲ್ಲು ತೆಗೆದರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ. ಮೂಡಿಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರ ಮನೆಗೆ ಸೊಸೆಯಾಗಿ ಬಂದು, ಮಧ್ಯಾಹ್ನದ ಹೊತ್ತು ಗಲ್ಲಾದ ಮುಂದೆ ಕೂತು ಕೂತು, ಕೊನೆಗೆ ಅಂಗಡಿಯನ್ನೇ ವಹಿಸಿಕೊಂಡವಳು ನಾನು. ಕಬ್ಬಿಣ ಸ್ಟೀಲುಗಳ ನಡುವೆಯೇ ಅರ್ಧ ಆಯುಷ್ಯ ಹೋಗಿದೆ. ಅಂಥವಳು ಸೂಜಿಗಲ್ಲು ಕಂಡು ನಾಚಿಕೊಳ್ಳುವುದೆಂದರೆ ಅಕ್ಕಸಾಲಿಗ ಒರೆಗಲ್ಲು ಕಂಡು ನಾಚಿಕೊಂಡ ಹಾಗೆ. ಆದರೂ ಹಾಗಾಗುತ್ತದೆ. ಅದಕ್ಕೆ ಕಾರಣ ನನ್ನ ಮದುವೆಯ ಒಂದು ಡಬರಿ, ಮತ್ತು ಕೊಟ್ಟಿಗೆಹಾರದ ಲೇತಿನಲ್ಲಿ, ಅಂದರೆ ಲೋಹ ಕಡೆಯುವ ಯಂತ್ರದಲ್ಲಿ, ತಯಾರಾದ ಒಂದು ಪಂಪಿನ ಶಾಫ್ಟು.

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆಯ ಮನೆಗಳಿಗೆ ಸ್ಟೀಲು ಪಾತ್ರೆ ಆಗತಾನೆ ಕಾಲಿಡುತ್ತಿತ್ತು. ಹಿತ್ತಾಳೆಗೆ ಕಲಾಯಿ ಹಾಕಿಸಿ ಸಾಕಾಗಿದ್ದ ಹೆಂಗಸರಿಗೆ ಅದೊಂದು ಮರುಳು. ಹಳೆ ಸೀರೆ ಕೊಟ್ಟು ಪಾತ್ರೆ ಪಡೆಯುವವರು, ಸಂತೆಯಲ್ಲಿ ಗೋಣಿ ಹಾಸಿ ಮಾರುವವರು ಎಲ್ಲರೂ ಬಂದರು. ಅವರ ಜೊತೆ ಮೋಸವೂ ಬಂತು. ಮೇಲೆ ಬೆಳ್ಳಗೆ ಹೊಳೆಯುವ ತಟ್ಟೆ ಮೂರು ತಿಂಗಳಿಗೆ ಕೆಂಪಗೆ ತುಕ್ಕು ಕಾರುತ್ತಿತ್ತು. ಆಗ ಊರಿನವರಿಗೆ ಆಪದ್ಬಾಂಧವರಾದವರು ನನ್ನ ಮಾವ.

ಅವರ ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಸೂಜಿಗಲ್ಲು ಇರುತ್ತಿತ್ತು. ಕುದುರೆ ಲಾಳದ ಆಕಾರದ್ದು, ಯಾವುದೋ ಹಳೇ ಮೋಟಾರ್ ಸೈಕಲ್ಲಿನಿಂದ ಕಳಚಿಕೊಂಡದ್ದು. ಭಾರಕ್ಕೆ ಜೇಬು ಜೋತುಬಿದ್ದಿರುತ್ತಿತ್ತು. ಜನ ಪಾತ್ರೆ, ನಲ್ಲಿ, ಬಾಗಿಲ ಚಿಲಕ ಏನೇ ಕೊಂಡರೂ "ಯಜಮಾನ್ರೆ, ಒಂಚೂರು ನೋಡಿ" ಎಂದು ತರುತ್ತಿದ್ದರು. ಮಾವ ತಾಗಿಸಿ ನೋಡುತ್ತಿದ್ದರು. ಅಂಟದಿದ್ದರೆ "ಸ್ಟೀಲು." ಅಂಟಿದರೆ "ಕಬ್ಬಿಣ." ಅಷ್ಟೇ ತೀರ್ಪು, ಮೇಲ್ಮನವಿ ಇಲ್ಲ. ವ್ಯಾಪಾರದಿಂದ ಬಂದ ಮರ್ಯಾದೆಗಿಂತ ಈ ತೀರ್ಪಿನಿಂದ ಬಂದ ಮರ್ಯಾದೆಯೇ ಅವರಿಗೆ ಹೆಚ್ಚಾಗಿತ್ತು. ಅಂಗಡಿಯಲ್ಲಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮದುವೆ ಮನೆಗೆ ಹೋದರೆ ಬಡಿಸುವ ಸೌಟಿಗೂ ತಾಗಿಸುತ್ತಿದ್ದರು. ನೆಂಟರ ಮನೆಯಲ್ಲಿ ನೀರು ಕೊಟ್ಟರೆ ಕುಡಿದು ಮುಗಿಸಿ ಲೋಟಕ್ಕೆ ತಾಗಿಸುತ್ತಿದ್ದರು. ಆಗೆಲ್ಲ ನನ್ನ ಗಂಡ ಸೂರಿನ ಕಡೆ ನೋಡುತ್ತಿದ್ದರು, ನಾನು ನೆಲದ ಕಡೆ.

ಆದರೆ ನನ್ನ ನಾಚಿಕೆ ಅದಕ್ಕೂ ಮೊದಲಿನದು. ನಾನು ಆ ಮನೆಗೆ ಬಂದ ದಿನದ್ದು.

ನನ್ನಪ್ಪ ಕಳಸದ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಕೊಯ್ಲಿನ ಅಳತೆ, ಇದರಲ್ಲೇ ಅವನ ಜೀವನ. ನನ್ನ ಮದುವೆಗೆಂದು ತಾನೇ ಚಿಕ್ಕಮಗಳೂರಿಗೆ ಹೋಗಿ, ಪಾತ್ರೆ ಅಂಗಡಿಯಲ್ಲಿ ಒಂದಿಡೀ ದಿನ ಕೂತು ಒಂದೊಂದನ್ನೂ ತಟ್ಟಿ, ಬೆಳಕಿಗೆ ಹಿಡಿದು ಆರಿಸಿ ತಂದಿದ್ದ. ಅದರಲ್ಲಿ ಅನ್ನ ಮಾಡುವ ದೊಡ್ಡ ಡಬರಿಯೊಂದಿತ್ತು. ಅದರ ಅಂಚಿನಲ್ಲಿ ನನ್ನ ಹೆಸರು, ಕೆಳಗೆ ಅವನ ಹೆಸರು ಕೊರೆಸಿದ್ದ. ನಾನು ಗಂಡನ ಮನೆಗೆ ಬಂದಾಗ ಆ ಪಾತ್ರೆಗಳನ್ನೆಲ್ಲ ಪಡಸಾಲೆಯಲ್ಲಿ ಜಮಖಾನದ ಮೇಲೆ ಜೋಡಿಸಿದರು. ಬಂದ ಹೆಂಗಸರೆಲ್ಲ ಸುತ್ತ ಕೂತಿದ್ದರು. ಅಪ್ಪ ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದ.

ಮಾವ ಬಂದು ಚಕ್ಕಳಮಕ್ಕಳ ಹಾಕಿ ಕೂತು ಸೂಜಿಗಲ್ಲು ತೆಗೆದರು. ಕೆಟ್ಟ ಮನಸ್ಸಿನಿಂದಲ್ಲ. ತೆಂಗಿನಕಾಯಿ ಕೈಗೆ ಬಂದರೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇವಲ್ಲ, ಅವರಿಗೆ ಇದೂ ಹಾಗೇ. ತಟ್ಟೆಗಳಿಗೆ ತಾಗಿಸಿದರು, ಅಂಟಲಿಲ್ಲ. ಲೋಟ, ತಂಬಿಗೆ, ಒಂದೂ ಅಂಟಲಿಲ್ಲ. ಕೊನೆಗೆ ಡಬರಿಗೆ ತಾಗಿಸಿದರು. ಟಕ್ ಎಂದಿತು. ಮಾವ ಕೈಬಿಟ್ಟರೂ ಸೂಜಿಗಲ್ಲು ಕೆಳಗೆ ಬೀಳಲಿಲ್ಲ, ಅಪ್ಪನ ಹೆಸರಿನ ಪಕ್ಕದಲ್ಲೇ ಕಚ್ಚಿಕೊಂಡು ನಿಂತಿತು.

"ಇದು ಕಬ್ಬಿಣ ಕಣ್ರೀ ಬೀಗರೇ" ಎಂದು ಮಾವ ಜೋರಾಗಿ ನಕ್ಕರು. "ಯಾರೋ ನಿಮಗೆ ಚೆನ್ನಾಗಿ ಟೋಪಿ ಹಾಕಿದಾನೆ."

ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಅಪ್ಪ ಹೆಗಲ ಮೇಲಿನ ಶಾಲು ಸರಿ ಮಾಡಿಕೊಂಡು ಸಣ್ಣಗೆ ನಕ್ಕ. "ಇರಬಹುದು ಯಜಮಾನ್ರೆ. ನಮಗೆ ಅಷ್ಟೆಲ್ಲ ಎಲ್ಲಿ ಗೊತ್ತಾಗ್ತದೆ" ಎಂದ. ಊಟಕ್ಕೆ ಕೂತಾಗ ಏನನ್ನೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ಸಂಜೆ ಬಸ್ಸಿಗೆ ಹೊರಟಾಗ ನನ್ನ ತಲೆ ಮುಟ್ಟಿದನೇ ಹೊರತು ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ನಾನೂ ನೋಡಲಿಲ್ಲ. ಅವನು ಮೋಸ ಹೋದನೋ, ಗೊತ್ತಿದ್ದೂ ಕಡಿಮೆ ಬೆಲೆಯದ್ದನ್ನು ತಂದನೋ, ಎರಡರಲ್ಲಿ ಯಾವುದಾದರೂ ನನಗೆ ಅವಮಾನವೇ ಅನ್ನಿಸಿತ್ತು. ಅಪ್ಪನ ಬಗ್ಗೆ ನಾಚಿಕೆಪಡುವುದು ಹೇಗಿರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಡಬರಿಯನ್ನು ಅತ್ತೆ ಅಟ್ಟಕ್ಕೆ ಹಾಕಿಸಿದರು. ಮನೆಯಲ್ಲಿ ಆ ಮಾತು ತಮಾಷೆಯಾಗಿ ಉಳಿದುಕೊಂಡಿತು. ಕಳಸದಿಂದ ಅಪ್ಪ ಬರುತ್ತಾನೆಂದರೆ ಮಾವ "ಡಬರಿ ಬೀಗರು ಬರ್ತಾರೆ, ಸೂಜಿಗಲ್ಲು ಒಳಗಿಡಿ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಮೊದಮೊದಲು ಸುಮ್ಮನಿರುತ್ತಿದ್ದ ನಾನು, ಬರಬರುತ್ತಾ ನಾನೂ ನಗುವುದನ್ನು ಕಲಿತೆ.

ಅಪ್ಪ ಬರುವುದು ಕಡಿಮೆಯಾಯಿತು.

ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ಅಂಗಡಿಗೆ ಬಂದೆ. ಮಾವನಿಗೆ ಮಧ್ಯಾಹ್ನ ಒಂದು ನಿದ್ದೆ ಬೇಕು, ನನಗೆ ಅಡುಗೆಮನೆಯಿಂದ ಬಿಡುಗಡೆ ಬೇಕು. ಹೀಗೆ ಇಬ್ಬರಿಗೂ ಅನುಕೂಲವಾಯಿತು. ಕತ್ತಿ, ಗುದ್ದಲಿ, ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸ್ಪ್ರೇ ಪಂಪಿನ ವಾಷರು. ಇವೆಲ್ಲ ಬೇಗ ತಲೆಗೆ ಹತ್ತಿದವು. ನನಗೆ ಇಷ್ಟವಾದದ್ದು ಹಿಂದಿನ ಗೋಡೆಗೆ ಒರಗಿಸಿದ್ದ ಸರಳುಗಳು. ಲೇತಿನವರು ಬಂದು ಶಾಫ್ಟು, ಪಿನ್ನು, ಬುಷ್ಷು ಮಾಡಲು ಅದರಿಂದ ಕತ್ತರಿಸಿಕೊಂಡು ಹೋಗುತ್ತಿದ್ದರು. ಹೆಚ್ಚಿನವು ಸಾದಾ ಕಬ್ಬಿಣ. ಒಂದೆರಡು ಮಾತ್ರ ಗೋಣಿಯಲ್ಲಿ ಸುತ್ತಿಟ್ಟ ಸ್ಟೀಲು. ಅದರ ಹೆಸರೇ 'ಹದಿನೆಂಟು-ಎಂಟು'. ಅದರಲ್ಲಿ ಬೆರೆಸಿದ ಲೋಹಗಳ ಪಾಲು ಅದು, ಪಾತ್ರೆಯ ಸ್ಟೀಲಿನದೇ ಜಾತಿ. ಮಾವನ ಸೂಜಿಗಲ್ಲು ಅದಕ್ಕೆ ಅಂಟುತ್ತಿರಲಿಲ್ಲ.

ದೇವರಮನೆ ಬೆಟ್ಟದ ಕಡೆ ತೋಟವಿದ್ದ ಗೌಡರೊಬ್ಬರು ನಮ್ಮ ಹಳೆಯ ಗಿರಾಕಿ. ಅವರ ಪಲ್ಪರ್ ಮನೆಯಲ್ಲಿ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗದಲ್ಲಿ, ಬಳಸಿದ ನೀರನ್ನೇ ಮತ್ತೆ ಮೇಲೆತ್ತುವ ಒಂದು ಪಂಪು ಇತ್ತು. ಆ ನೀರು ಹುಳಿ ಹಿಡಿದಿರುತ್ತದೆ. ಅದರಲ್ಲಿ ಸಿಪ್ಪೆ, ಮರಳು, ಕಡ್ಡಿ ಏನೆಲ್ಲ ಇರುತ್ತದೆ. ಪಂಪಿನ ನಡುವೆ ತಿರುಗುವ ಸರಳಿಗೆ, ಅಂದರೆ ಶಾಫ್ಟಿಗೆ, ಕಬ್ಬಿಣ ಹಾಕಿದರೆ ಒಂದು ಕೊಯ್ಲಿಗೆ ಗೆದ್ದಲು ತಿಂದ ಹಾಗಾಗುತ್ತಿತ್ತು. ಹಿಂದಿನ ವರ್ಷ ಮಾವ ಹದಿನೆಂಟು-ಎಂಟು ಕೊಟ್ಟಿದ್ದರು. ತುಕ್ಕು ಹಿಡಿಯಲಿಲ್ಲ. ಆದರೆ ನೀರು ಸೋರದಂತೆ ಹಗ್ಗದ ಪ್ಯಾಕಿಂಗ್ ಸುತ್ತುವ ಜಾಗದಲ್ಲಿ ಗೆರೆ ಗೆರೆಯಾಗಿ ಸವೆದುಹೋಯಿತು. ಒಂದು ದಿನ ಕಡ್ಡಿ ಸಿಕ್ಕಿ ಪಂಪು ಕಚ್ಚಿಕೊಂಡಾಗ ಶಾಫ್ಟು ಬಾಗಿಯೇ ಹೋಯಿತು. ಹಣ್ಣು ರಾಶಿ ಬಿದ್ದಿದ್ದ ದಿನ ಅದು. ಕೊಯ್ದ ಹಣ್ಣು ನಮಗಾಗಿ ಕಾಯುವುದಿಲ್ಲ, ಕೊಳೆಯುತ್ತದೆ.

ಮರುವರ್ಷ ಮಳೆ ನಿಲ್ಲುವ ಹೊತ್ತಿಗೆ ಗೌಡರು ಕೊಟ್ಟಿಗೆಹಾರದ ಸಾಬ್ರನ್ನು ಜೀಪಿನಲ್ಲಿ ಕೂರಿಸಿಕೊಂಡು ಅಂಗಡಿಗೆ ಬಂದರು. ಸಾಬ್ರದು ಬಸ್ ನಿಲ್ಲುವ ಜಾಗದ ಪಕ್ಕದಲ್ಲೇ ಲೇತಿನ ಶೆಡ್ಡು. ಚಾರ್ಮಾಡಿ ಘಾಟಿ ಹತ್ತಿ ಬಂದ ಲಾರಿಗಳ ರಿಪೇರಿ, ಎಸ್ಟೇಟ್ ಯಂತ್ರಗಳ ಕೆಲಸ ಎರಡನ್ನೂ ಮಾಡುತ್ತಿದ್ದರು. ಮಾತು ಕಡಿಮೆ, ಬೀಡಿ ಜಾಸ್ತಿ.

"ಎಂತ ಸರಳು ಹಾಕೋದು ಹೇಳಿ, ಇಬ್ರೂ ಇಲ್ಲೇ ತೀರ್ಮಾನ ಮಾಡಿ" ಎಂದರು ಗೌಡರು.

"ಹದಿನೆಂಟು-ಎಂಟೇ ದಪ್ಪ ಹಾಕಿ" ಎಂದರು ಮಾವ.

"ದಪ್ಪ ಹಾಕಿದ್ರೆ ಪಂಪಿನ ಬಾಯಿಗೆ ಹೋಗಲ್ಲ ಯಜಮಾನ್ರೆ" ಎಂದರು ಸಾಬ್ರು. "ಅದು ತುಕ್ಕಿಗೆ ಒಳ್ಳೇದು, ಸವೆತಕ್ಕಲ್ಲ. ಗಟ್ಟಿ ಮಾಡೋಣ ಅಂದ್ರೆ ಕಾಯ್ಸಿ ನೀರಿಗೆ ಅದ್ದಿದ್ರೂ ಅದು ಗಟ್ಟಿ ಆಗಲ್ಲ. ಗಟ್ಟಿ ಆಗೋ ಬೇರೆ ಸರಳು ಇದಾವೆ, ಎಣ್ಣೆಗೆ ಅದ್ದಿದ್ ಕೂಡ್ಲೆ ಸೊಟ್ಟ ಆಗ್ತಾವೆ. ಬೆಂಗಳೂರಲ್ಲಿ ನಾನು ಸರಳು ತರೋ ಕಡೆ ಕೇಳ್ದೆ. ಹದಿನೇಳು-ನಾಲ್ಕು ಅಂತ ಒಂದಿದೆಯಂತೆ. ಬರುವಾಗ ಮೆತ್ತಗಿರ್ತದೆ, ಲೇತಲ್ಲಿ ನಮಗೆ ಬೇಕಾದ ಅಳತೆಗೆ ತಿರುವಿಕೊಳ್ಬೋದು. ಆಮೇಲೆ ಬೆಂಗಳೂರಲ್ಲೇ ಅವ್ರ ಕುಲುಮೇಲಿ ಹದ ಬಿಸೀಲಿ ಕೆಲವು ಗಂಟೆ ಇಟ್ಟು ತೆಗೆದ್ರೆ ತಾನಾಗೇ ಗಟ್ಟಿ ಆಗ್ತದಂತೆ. ಅದ್ದೋದು ಬೇಡ, ಸೊಟ್ಟ ಆಗಲ್ಲ. ಕೂದಲೆಳೆಯಷ್ಟು ಕುಗ್ಗುತ್ತದಂತೆ ಅಷ್ಟೆ, ಅಷ್ಟು ಜಾಸ್ತಿ ಬಿಟ್ಕೊಂಡು ತಿರುವಬೇಕು."

"ಬೇಯಿಸಿದ್ರೆ ಗಟ್ಟಿ ಆಗೋಕೆ ಅದೇನು ಮೊಟ್ಟೆಯಾ ಮಾರಾಯ?" ಎಂದರು ಮಾವ. ಸಾಬ್ರೂ ನಕ್ಕರು.

"ಎಷ್ಟು ಬಿಸಿ ಅನ್ನೋದ್ರ ಮೇಲೆ ಗಟ್ಟಿತನ ಅಂತೆ. ಜರ್ಕು ಬೀಳೋ ಕೆಲ್ಸ ಆದ್ರೆ ಬಿಸಿ ಸ್ವಲ್ಪ ಹೆಚ್ಚು ಕೊಡ್ಬೇಕು. ಗಟ್ಟಿ ಒಂಚೂರು ಕಡ್ಮೆ ಆಗ್ತದೆ, ಆದ್ರೆ ಮುರಿಯಲ್ಲ. ಕಡ್ಡಿ ಸಿಗ್ತದಲ್ಲ ನಿಮ್ಮ ಪಂಪಿಗೆ, ಅದ್ನೂ ಹೇಳಿದೀನಿ."

ಗೌಡರು ಒಪ್ಪಿದರು. ನಮ್ಮ ಅಂಗಡಿಯ ಸರಳನ್ನು ಬಿಟ್ಟು ಬೆಂಗಳೂರಿನದು ಆರಿಸಿದ್ದು ಮಾವನಿಗೆ ಹಿಡಿಸಲಿಲ್ಲವೆಂದು ಅವರು ನಶ್ಯದ ಡಬ್ಬಿ ಮುಚ್ಚಿದ ರೀತಿಯಿಂದಲೇ ನನಗೆ ತಿಳಿಯಿತು.

ಕೊಯ್ಲು ಶುರುವಾಗುವ ಮುಂಚೆ, ಒಂದು ಸಂತೆಯ ದಿನ, ಗೌಡರೂ ಸಾಬ್ರೂ ಮತ್ತೆ ಬಂದರು. ಶಾಫ್ಟನ್ನು ಹಳೇ ಪಂಚೆಯಲ್ಲಿ ಸುತ್ತಿ ತಂದಿದ್ದರು. ಸಾಬ್ರು ಅದನ್ನು ಬಿಚ್ಚಿ ನನ್ನೆದುರಿನ ಮೇಜಿನ ಮೇಲೆ ಇಟ್ಟ ರೀತಿ ನೆನಪಿದೆ, ಹಸುಗೂಸನ್ನು ಮಲಗಿಸಿದ ಹಾಗೆ. ಕೆಲಸ ಕಣ್ಣಿಗೆ ಹಬ್ಬವಾಗಿತ್ತು. ಬಣ್ಣ ಮಾತ್ರ ಸ್ಟೀಲಿನ ಬಿಳುಪಲ್ಲ. ಕುಲುಮೆಯ ಬಿಸಿಗೆ ತೆಳು ಕಾಫಿ ಬಣ್ಣಕ್ಕೆ ತಿರುಗಿತ್ತು.

"ಯಜಮಾನ್ರೆ, ನಿಮ್ಮ ಸೂಜಿಗಲ್ಲು ಒಂದ್ಸಲ ತಾಗಿಸಿ. ನಂಗೊಂದು ಸಮಾಧಾನ" ಎಂದರು ಗೌಡರು.

ಅಂಗಡಿ ತುಂಬ ಜನ. ಕೆಲವರು ಮೇಸ್ತ್ರಿಗಳು, ಕೆಲವರು ಬೇರೆ ತೋಟದವರು. ಎಲ್ಲರೂ ಕತ್ತು ಚಾಚಿದರು. ಮಾವ ಕೋಟಿನ ಜೇಬಿಗೆ ಕೈಹಾಕಿದರು.

ಟಕ್.

ಸಾಬ್ರು ಕೈ ನೀಡಿ ಮಾವನಿಂದ ಸೂಜಿಗಲ್ಲು ತೆಗೆದುಕೊಂಡು ತಾವೇ ಇನ್ನೊಂದು ತುದಿಗೆ ತಾಗಿಸಿದರು. ಟಕ್. ಮಧ್ಯದಲ್ಲಿ ತಾಗಿಸಿದರು. ಅಲ್ಲೂ ಅಷ್ಟೇ. ಅವರ ಮುಖ ನೋಡಿದರೆ ಅವರಿಗೇ ನಂಬಿಕೆ ಬಾರದಂತಿತ್ತು. ನಮ್ಮ ಕಡೆಯ ಯಾವ ಲೇತಿನವರಾದರೂ ಸ್ಟೀಲಿಗೆ ಸೂಜಿಗಲ್ಲು ಅಂಟುವುದಿಲ್ಲವೆಂದು ನಂಬಿದವರೇ. ಅವರೂ ಅದನ್ನೇ ನಂಬಿದವರು.

"ಕಬ್ಬಿಣಕ್ಕೆ ಬಣ್ಣ ಬರಿಸಿ ಕೊಟ್ಟಿದಾರೆ ಗೌಡ್ರೆ" ಎಂದರು ಮಾವ. "ಯಾರು ಯಾರಿಗೆ ಮೋಸ ಮಾಡಿದ್ರೋ ನಂಗೊತ್ತಿಲ್ಲ. ಇದು ಸ್ಟೀಲಲ್ಲ, ಅಷ್ಟು ಮಾತ್ರ ಹೇಳ್ತೀನಿ."

ಸಾಬ್ರು ತಲೆಯ ಟೋಪಿ ಸರಿ ಮಾಡಿಕೊಂಡು ಸಣ್ಣಗೆ ನಕ್ಕರು. "ಇರ್ಬೋದು. ಸ್ಟೀಲು ಅಂತಾನೇ ತಂದಿದ್ದು ನಾನು" ಎಂದರು. ಶಾಫ್ಟನ್ನು ಮತ್ತೆ ಪಂಚೆಯಲ್ಲಿ ಸುತ್ತಿದರು. ಗೌಡರ ಜೀಪಿಗೆ ಕಾಯದೆ ಬಸ್ ನಿಲ್ದಾಣದ ಕಡೆ ನಡೆದರು.

ಆ ನಗು ನನಗೆ ಗೊತ್ತಿತ್ತು. ಪಡಸಾಲೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಅದನ್ನು ನೋಡಿದ್ದೆ. ನನಗೆ ಸಾಬ್ರಿಗಾಗಿ ನಾಚಿಕೆಯಾಯಿತು, ಮಾವನಿಗಾಗಿ ನಾಚಿಕೆಯಾಯಿತು. ಅದರ ಹಿಂದೆಯೇ, ಮೋಸ ಹೋದವನು ನನ್ನಪ್ಪನೊಬ್ಬನೇ ಅಲ್ಲವಲ್ಲ ಎಂದು ಎಲ್ಲೋ ಒಂದು ನೆಮ್ಮದಿ ಸುಳಿಯಿತು. ಆ ನೆಮ್ಮದಿಗೆ ಇನ್ನೂ ಹೆಚ್ಚು ನಾಚಿಕೆಯಾಯಿತು. ಗೌಡರು ನಮ್ಮಲ್ಲೇ ಹದಿನೆಂಟು-ಎಂಟು ಕತ್ತರಿಸಿಕೊಂಡು ಚಿಕ್ಕಮಗಳೂರಿನಲ್ಲಿ ಶಾಫ್ಟು ಮಾಡಿಸಿದರು. ಕತ್ತರಿಸಿ ಕೊಟ್ಟವಳು ನಾನೇ.

ನಮ್ಮ ಊರುಗಳಲ್ಲಿ ಲೇತಿನವರಿಗೆ ಬೋರ್ಡು ಬೇಕಿಲ್ಲ, ಹೆಸರು ಬೇಕು. ಕೊಟ್ಟ ವಸ್ತು ಹೇಳಿದ್ದೇ ಆಗಿರುತ್ತದೆ ಎಂಬ ನಂಬಿಕೆ ಹೋದರೆ ಲೇತು ತಿರುಗುವುದಿಲ್ಲ. ಸಂತೆಯಲ್ಲಿ ಹುಟ್ಟಿದ ಮಾತು ಸಂಜೆಗೆ ತೋಟ ತೋಟ ಮುಟ್ಟಿತು. 'ಕಬ್ಬಿಣದ ಸಾಬ್ರು' ಎಂದು ಹೆಸರಿಟ್ಟರು. ಎಸ್ಟೇಟಿನ ಕೆಲಸ ನಿಂತುಹೋಗಿ ಅವರಿಗೆ ಲಾರಿಗಳ ಸ್ಪ್ರಿಂಗ್ ಪಟ್ಟಿ ಬಿಗಿಯುವ ಕೆಲಸವಷ್ಟೇ ಉಳಿಯಿತೆಂದು ಕೇಳಿದೆ. ಅತ್ತ ಗೌಡರ ಹೊಸ ಶಾಫ್ಟು ಹಿಂದಿನ ವರ್ಷದ ಹಾಗೆಯೇ ಸವೆದು, ಪ್ಯಾಕಿಂಗ್ ಬಿಗಿದಷ್ಟೂ ನೀರು ಸೋರಿತು. ಆ ಮಾತನ್ನು ಮಾತ್ರ ಯಾರೂ ಸಂತೆಯಲ್ಲಿ ಆಡಲಿಲ್ಲ.

ಮುಂದಿನ ಮಳೆಗಾಲ ಗೌರಿ ಹಬ್ಬಕ್ಕೆ ಕಳಸಕ್ಕೆ ಹೊರಟೆ. ಕೊಟ್ಟಿಗೆಹಾರದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿಯ ಮಳೆ ಗೊತ್ತಿದ್ದವರಿಗೆ ಗೊತ್ತು. ಹೊಸ ಬೀಗ ತಂದು ಹೊರಗಿಟ್ಟರೆ ವಾರದೊಳಗೆ ಕೀಲಿ ತಿರುಗುವುದಿಲ್ಲ. ಬಸ್ಸು ಕಾಯುತ್ತಾ ಹೋಟೆಲಿನ ಸೂರಿನ ಕೆಳಗೆ ನಿಂತಿದ್ದವಳು ಆಚೆ ಸಾಬ್ರ ಶೆಡ್ಡಿನ ಕಡೆ ನೋಡಿದೆ. ಶೆಡ್ಡಿನ ಮುಂದೆ, ಸೂರಿನಿಂದ ಆಚೆಗೆ ಮಳೆ ನೇರ ಬೀಳುವ ಜಾಗದಲ್ಲಿ, ಒಂದು ಗಳುವಿಗೆ ಎರಡು ಸರಳುಗಳನ್ನು ತಂತಿಯಿಂದ ನೇತುಹಾಕಿದ್ದರು. ಒಂದು ಸಾದಾ ಕಬ್ಬಿಣದ್ದು, ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿ ಚಕ್ಕೆ ಎದ್ದಿತ್ತು. ಇನ್ನೊಂದು ಆ ಶಾಫ್ಟು. ಕಟ್ಟಿದ ತಂತಿಯೂ ತುಕ್ಕು ಹಿಡಿದು, ಆ ಕೆಂಪು ನೀರು ಶಾಫ್ಟಿನ ಮೇಲೆ ಗೆರೆಯಾಗಿ ಇಳಿದಿತ್ತು.

ಕೊಡೆ ಬಿಚ್ಚಿಕೊಂಡು ಹತ್ತಿರ ಹೋದೆ. ಸಾಬ್ರು ಒಳಗಿನಿಂದ ನೋಡಿ ಎದ್ದು ಬಂದರು. ನಾನು ಯಾರೆಂದು ಗೊತ್ತು, ಆದರೂ ಮುಖ ಗಂಟಿಕ್ಕಲಿಲ್ಲ. ಹೆಬ್ಬೆರಳಿನಿಂದ ಆ ಕೆಂಪು ಗೆರೆಯನ್ನು ಒರೆಸಿದರು. ಕೆಳಗೆ ಶಾಫ್ಟು ಮೊದಲಿನ ಹಾಗೆಯೇ ಇತ್ತು, ನುಣ್ಣಗೆ, ತೆಳು ಕಾಫಿ ಬಣ್ಣ.

"ಬೆಂಗಳೂರಿಗೆ ಹೋಗಿ ಕೇಳ್ದೆ ಅಕ್ಕಾ. ಸರಳು ಕೊಟ್ಟೋರು ನಕ್ಬಿಟ್ರು. ಸ್ಟೀಲಲ್ಲೂ ಜಾತಿ ಇದಾವಂತೆ. ನಿಮ್ಮ ಹದಿನೆಂಟು-ಎಂಟು ಅಂಟಲ್ಲ, ಈ ಹದಿನೇಳು-ನಾಲ್ಕು ಅಂಟ್ತದೆ. ಅಂಟೋದೇ ಅದರ ಗುಣ ಅಂತೆ. ಅಂಟೋದಕ್ಕೂ ತುಕ್ಕಿಗೂ ಸಂಬಂಧ ಇಲ್ವಂತೆ."

"ಹಾಗಂತ ಅಂಗಡಿಗೆ ಬಂದು ಹೇಳ್ಬಾರ್ದಿತ್ತಾ?" ಎಂದೆ.

"ಯಜಮಾನ್ರ ಸೂಜಿಗಲ್ಲಿನ ಮುಂದೆ ನನ್ನ ಮಾತು ಯಾರು ಕೇಳ್ತಾರೆ? ಮಳೆನೇ ಹೇಳ್ಲಿ ಅಂತ ನೇತು ಹಾಕ್ದೆ. ಬಸ್ಸಿಳಿದೋರೆಲ್ಲ ನೋಡ್ತಾರಲ್ಲ."

ಬಸ್ಸಿನ ಹಾರ್ನ್ ಕೇಳಿಸಿತು. ಹೊರಟವಳು ನಿಂತು, "ಪಾತ್ರೆಲೂ ಅಂಟೋ ಸ್ಟೀಲು ಇರ್ತದಾ?" ಎಂದು ಕೇಳಿದೆ. ಧ್ವನಿ ನನ್ನದೇ ಅನ್ನಿಸಲಿಲ್ಲ.

"ಅದು ನಂಗೆ ಗೊತ್ತಿಲ್ಲಕ್ಕ. ಇರ್ಬೋದು. ಅಂಟೋದ್ರಲ್ಲೇ ಬೇರೆ ಬೇರೆ ಇದಾವೆ ಅಂದ್ರು."

ಕಳಸದವರೆಗೂ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತೆ. ಹಬ್ಬದ ಮನೆಯಲ್ಲಿ ಅಪ್ಪನ ಎದುರು ಕೂತು ಕಡುಬು ತಿಂದೆ, ಏನೂ ಕೇಳಲಿಲ್ಲ. ಸಾಬ್ರ 'ಇರ್ಬೋದು' ಒಂದನ್ನೇ ನಂಬಿಕೊಂಡು ಇಷ್ಟು ವರ್ಷದ ಮೇಲೆ ಡಬರಿಯ ಮಾತೆತ್ತಲು ಬಾಯಿ ಬರಲಿಲ್ಲ.

ಮೂಡಿಗೆರೆಗೆ ಮರಳಿ ಮಾವನಿಗೆ ಶಾಫ್ಟಿನ ವಿಷಯ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ನಶ್ಯ ಏರಿಸುವುದನ್ನೂ ಮರೆತು ಕೇಳಿದರು. ಮಾರನೆಯ ದಿನ ಒಬ್ಬರೇ ಕೊಟ್ಟಿಗೆಹಾರಕ್ಕೆ ಹೋದರು. ಮಳೆಯಲ್ಲಿ ನಿಂತು ಸೂಜಿಗಲ್ಲು ತಾಗಿಸಿದರಂತೆ, ಅಂಟಿತಂತೆ. ಉಗುರಿನಿಂದ ಕೆರೆದರಂತೆ, ಏನೂ ಏಳಲಿಲ್ಲವಂತೆ. ಮುಂದಿನ ಸಂತೆಯ ದಿನ ಗೌಡರನ್ನೂ ಸಾಬ್ರನ್ನೂ ಕರೆಸಿದರು. ಅಂಗಡಿ ತುಂಬ ಜನ ಇದ್ದಾಗಲೇ ಎದ್ದು ನಿಂತು ಹೇಳಿದರು:

"ಸೂಜಿಗಲ್ಲಿಂದು ಏನೂ ತಪ್ಪಿಲ್ಲ. ಅಂಟ್ತದೆ ಅಂತ ಅದು ಹೇಳ್ತು, ಅಷ್ಟೆ. ಕಬ್ಬಿಣ ಅಂದಿದ್ದು ನನ್ನ ಬಾಯಿ. ಸಾಬ್ರೇ, ಮನಸ್ಸಿಗೆ ಇಟ್ಕೋಬೇಡಿ."

ಸಾಬ್ರು "ಬಿಡಿ ಯಜಮಾನ್ರೆ" ಎಂದು ಕಣ್ಣು ಒರೆಸಿಕೊಂಡರು. ಮಾವ ಎದುರು ಹೋಟೆಲಿನಿಂದ ಎಲ್ಲರಿಗೂ ಕಾಫಿ ತರಿಸಿದರು. ಶಾಫ್ಟು ಗೌಡರ ಪಂಪಿಗೆ ಹೋಯಿತು, ಆ ಕೊಯ್ಲು ಮುಗಿಯುವವರೆಗೆ ಯಾರೂ ಪಂಪಿನ ಮಾತೆತ್ತಲಿಲ್ಲ. ಲೇತಿನ ವಿಷಯದಲ್ಲಿ ಮಾತೆತ್ತದಿರುವುದೇ ಹೊಗಳಿಕೆ. ಸಾಬ್ರ ಶೆಡ್ಡಿಗೆ ಎಸ್ಟೇಟ್ ಜೀಪುಗಳು ಮತ್ತೆ ಬಂದವು. ನಮ್ಮ ಗೋಡೆಗೂ ಹದಿನೇಳು-ನಾಲ್ಕು ಬಂತು. ಯಾರಾದರೂ ಸ್ಟೀಲು ಸರಳು ಕೇಳಿದರೆ ಅಂದಿನಿಂದ ನಾನು ಮೊದಲು ಕೇಳುವುದು ಅದು ಯಾವ ನೀರಿನಲ್ಲಿ ಇರುತ್ತದೆ, ಏನನ್ನು ಉಜ್ಜುತ್ತದೆ, ಜರ್ಕು ಬೀಳುತ್ತದೆಯೇ ಎಂದು. ಎಲ್ಲದಕ್ಕೂ ಒಂದೇ ಸರಳು ಕೊಡುವುದಿಲ್ಲ. ನೀರು ಹುಳಿಯಿದ್ದು ಉಜ್ಜಾಟವಿಲ್ಲದಿದ್ದರೆ ಹದಿನೆಂಟು-ಎಂಟೇ ಸಾಕು, ದುಬಾರಿಯದು ಬೇಡ ಅನ್ನುತ್ತೇನೆ.

ಮಾವನ ದೊಡ್ಡ ಮನಸ್ಸಿಗೆ ಅವತ್ತು ನನಗೂ ಕಣ್ಣು ತುಂಬಿತ್ತು. ತಪ್ಪು ಒಪ್ಪಿಕೊಂಡ ಮೇಲೆ ಅವರಿಗೆ ಇನ್ನೊಂದು ನೆನಪೂ ಬರುತ್ತದೆಂದು ಕಾದೆ. ಊಟಕ್ಕೆ ಕೂತಾಗ, ಪೂಜೆ ಮುಗಿಸಿ ಎದ್ದಾಗ, ಇವತ್ತು ಕೇಳುತ್ತಾರೆ, ಆ ಡಬರಿ ಎಲ್ಲಿದೆ ತೆಗಿ ಅನ್ನುತ್ತಾರೆ ಎಂದುಕೊಳ್ಳುತ್ತಿದ್ದೆ. ಅವರಿಗೆ ಹೊಳೆಯಲೇ ಇಲ್ಲ. ನನ್ನ ಗಂಡನಿಗೂ ಹೊಳೆಯಲಿಲ್ಲ. ಸಾಬ್ರದು ಸಂತೆಯಲ್ಲಿ ಹೋದ ಮಾನ. ಅಪ್ಪನದು ಮನೆಯೊಳಗಿನ ತಮಾಷೆ. ತಮಾಷೆಗೆ ಯಾರೂ ಕ್ಷಮೆ ಕೇಳುವುದಿಲ್ಲ.

ಒಂದು ಬೆಳಿಗ್ಗೆ ಮನೆಯವರೆಲ್ಲ ಮದುವೆಗೆ ಹೋಗಿದ್ದಾಗ ಅಟ್ಟ ಹತ್ತಿ ಡಬರಿ ಇಳಿಸಿದೆ. ಬೋರಲು ಹಾಕಿದ್ದ ಅದರ ಮೇಲೆ ಧೂಳು ಹೆಪ್ಪುಗಟ್ಟಿತ್ತು. ತೊಳೆದು, ಹುಣಸೆಹಣ್ಣು ಉಪ್ಪು ಕಿವುಚಿದ ನೀರು ತುಂಬಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಮುಚ್ಚಿಟ್ಟೆ. ಕಳ್ಳತನ ಮಾಡಿದವಳ ಹಾಗೆ ದಿನಾ ಹೋಗಿ ಇಣುಕಿದೆ. ನೀರು ಬೂಸಲು ಹಿಡಿಯಿತು, ನಾತ ಬಂತು. ಚೆಲ್ಲಿ ಉಜ್ಜಿದರೆ ಡಬರಿಗೆ ಒಂದು ಚುಕ್ಕೆ ತುಕ್ಕಿಲ್ಲ. ಅಪ್ಪನ ಹೆಸರಿನ ಕೊರೆತದೊಳಗೂ ಇಲ್ಲ. ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಸಂತೋಷಕ್ಕಲ್ಲ. ಇಷ್ಟು ವರ್ಷ ಯಾರ ಬಗ್ಗೆ ನಾಚಿಕೆಪಟ್ಟೆನೋ ಅವನಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ಇದ್ದದ್ದೆಲ್ಲ ನಗುವವರ ಜೊತೆ ಸೇರಿ ನಕ್ಕ ನನ್ನಲ್ಲೇ.

ಇದನ್ನು ಅಪ್ಪನಿಗೆ ಹೇಳಲೇಬೇಕೆಂದು ಕಳಸಕ್ಕೆ ಹೋದೆ. ಅವನು ಜಗುಲಿಯಲ್ಲಿ ಕೂತು ಗೊಂಚಲಿನಿಂದ ಕಾಳುಮೆಣಸು ಬಿಡಿಸುತ್ತಿದ್ದ. ಪಕ್ಕದಲ್ಲಿ ಕೂತು ನಾನೂ ಬಿಡಿಸತೊಡಗಿದೆ. ನೇರ ಮಾತಿಗೆ ಬರಲು ಧೈರ್ಯ ಸಾಲದೆ ಗೌಡರ ಪಂಪು, ಸಾಬ್ರ ಶಾಫ್ಟು, ಕೊಟ್ಟಿಗೆಹಾರದ ಮಳೆ ಎಲ್ಲ ಸುತ್ತಿಕೊಂಡು ಬಂದೆ. ಕೊನೆಗೆ, "ಸ್ಟೀಲಲ್ಲಿ ಅಂಟೋ ಜಾತಿನೂ ಇದೆಯಂತಪ್ಪ" ಎಂದೆ. ಒಳ್ಳೆಯ ಸುದ್ದಿ ತಂದವಳ ಹಾಗೆ ಅವನ ಮುಖ ನೋಡಿದೆ.

"ಗೊತ್ತು" ಎಂದ ಅಪ್ಪ.

ನನಗೆ ಅರ್ಥವಾಗಲಿಲ್ಲ.

"ನಿನ್ನ ಬಿಟ್ಟು ಬಂದ ವಾರದಲ್ಲೇ ಚಿಕ್ಕಮಗಳೂರಿಗೆ ಹೋಗಿದ್ದೆ. ಎಸ್ಟೇಟ್ ಮೆಕ್ಯಾನಿಕ್ ಹತ್ರ ಸೂಜಿಗಲ್ಲು ಇಸ್ಕೊಂಡು ಹೋಗಿ ಅಂಗಡಿಯವನ ಮುಂದೆ ಇಟ್ಟು ಜಗಳ ಮಾಡ್ದೆ. ಅವನು ಒಳಗಿಂದ ತನ್ನ ಮನೇಲಿ ಬಳಸಿದ ಅಂಥದ್ದೇ ಡಬರಿ ತಂದು ತೋರಿಸ್ದ. ಅದಕ್ಕೂ ಅಂಟ್ತು. ಎಷ್ಟೋ ವರ್ಷ ಬಳಸಿದ್ದು, ಹೊಸದ್ರ ಹಾಗಿತ್ತು. ಬೇಕಾದ್ರೆ ನಾನೇ ಬಂದು ನಿಮ್ಮ ಬೀಗರಿಗೆ ಹೇಳ್ತೀನಿ ಅಂತಾನೂ ಅಂದ ಪಾಪ."

"ಮತ್ತೆ? ಕರ್ಕೊಂಡು ಬರೋದಲ್ವಾ!"

"ನಾನೇ ಬೇಡ ಅಂದೆ." ಅಪ್ಪ ಕೈಯ ಗೊಂಚಲು ಬಿಟ್ಟು ಇನ್ನೊಂದು ಎತ್ತಿಕೊಂಡ. "ನಾಲ್ಕು ಜನದ ಮುಂದೆ ನಿನ್ನ ಮಾವನ ಮಾತು ಸುಳ್ಳು ಅಂತ ನಾನು ಮಾಡಿ ಬಂದ್ರೆ, ಮಾರನೇ ದಿನದಿಂದ ಆ ಮನೇಲಿ ಇರೋಳು ನೀನಲ್ವಾ? ನಗಲಿ ಬಿಡು, ನನ್ನನ್ನ ತಾನೇ ನಗೋದು ಅಂದ್ಕೊಂಡೆ."

ನನ್ನ ಕೈಗಳು ನಿಂತುಹೋಗಿದ್ದವು. ನಾನೂ ನಗುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತೇ? ನಮ್ಮ ಮನೆಗೆ ಬಂದು ಕೂತ ದಿನಗಳಲ್ಲಿ ಅಡುಗೆಮನೆಯಿಂದ ನನ್ನ ನಗು ಅವನಿಗೆ ಕೇಳಿಸಿರಲೇಬೇಕು. ಮೆಣಸಿನ ಘಾಟು ಎಂದು ಹೇಳಿ ಕಣ್ಣು ಒರೆಸಿಕೊಂಡೆ.

ಬಿಡಿಸಿದ ಕಾಳನ್ನು ಮೊರಕ್ಕೆ ಸುರಿಯುತ್ತಾ ಅಪ್ಪನೇ ಕೇಳಿದ.

"ಚೆನ್ನಾಗಿದೆಯಾ ಡಬರಿ? ತಳ ದಪ್ಪ ಇರ್ಲಿ ಅಂತ ನೋಡಿ ನೋಡಿ ಆರಿಸಿದ್ದೆ. ಅನ್ನ ಅಡಿ ಹಿಡಿಯಲ್ಲ ತಾನೆ?"

"ಇಲ್ಲಪ್ಪ, ಹಿಡಿಯಲ್ಲ" ಎಂದೆ.

ಆ ಡಬರಿಯಲ್ಲಿ ಅವತ್ತಿನವರೆಗೆ ಒಂದು ದಿನವೂ ಅನ್ನ ಬೆಂದಿರಲಿಲ್ಲ.